ತಂತಿಗೆ ಕಟ್ಟಿದ ಕೌದಿ ಚಿಂದಿ

ನಮ್ಮ ಹೊಲ ಹೊರ್ತಿ ಊರಿನ ಕರಿ ಎರೆಭೂಮಿ. ಅದರ ಮೂಡಲ ಬದಿಗೆ, ಎತ್ತಿನ ಮೇವಿಗೆಂದು ಉಳುಮೆ ಮಾಡದೆ ಬಿಟ್ಟ ಹುಲ್ಲಿನ ಪಡ. ಮಳೆಗಾಲಕ್ಕೆ ಅಲ್ಲಿ ಒಂದು ಜೋಡಿ ಎರೆಭೂತ ಬಂದು ಇಳಿಯುತ್ತಿದ್ದವು. ಸೊಂಟದೆತ್ತರದ, ಮೈಭಾರದ ಹಕ್ಕಿಗಳು. ಗಿಡದ ಮೇಲೆ ಕೂರುವವಲ್ಲ, ಬಯಲೇ ಅವುಗಳ ಮನೆ. ಕಸ, ನೀರು, ರೊಟ್ಟಿ ಮುಗಿಸಿ ನಾವು ಹೊಲ ಮುಟ್ಟಿದಾಗ ಅವ್ವ ಮೊದಲು ಅವನ್ನು ನೋಡುತ್ತಿದ್ದಳು, ಆಮೇಲೆ ನಮ್ಮನ್ನು ಕೆಲಸಕ್ಕೆ ಹಚ್ಚುತ್ತಿದ್ದಳು.

ಎಪ್ಪತ್ತರ ದಶಕದ ನಡುವೆ ಆ ಪಡದಲ್ಲಿ ಕಂಬ ನೆಟ್ಟು ತಂತಿ ಎಳೆದರು. ಕರೆಂಟ್ ಮಾತ್ರ ಇನ್ನೂ ಬಂದಿರಲಿಲ್ಲ. ಅಣ್ಣ ಬಾವಿಗೆ ಪಂಪು ತಂದಿಟ್ಟು ಕಾಯುತ್ತಿದ್ದ. ಅಷ್ಟರಲ್ಲಿ ಒಂದು ಮುಂಜಾನೆ ಗಂಡು ಹಕ್ಕಿ ತಂತಿಗೆ ಬಡಿದು ಸತ್ತು ಬಿದ್ದಿತ್ತು.

ಹೆಣ್ಣನ್ನಾದರೂ ಉಳಿಸಿಕೊಳ್ಳಬೇಕೆಂದು ಅವ್ವ ಕೌದಿ ಹೊಲಿಯಲು ಕೂಡಿಟ್ಟ ಚಿಂದಿ ತಂದಳು. ಪ್ರತಿ ಚಿಂದಿಯ ಎರಡೂ ತುದಿಗೆ ಹರಳುಕಲ್ಲು ಕಟ್ಟಿ, ಜೋಳದ ತೆನೆಗೆ ಎರಗುವ ಹಕ್ಕಿ ಓಡಿಸುವ ಕವಣೆಯಿಂದಲೇ ಬೀಸಿದಳು. ಕೆಂಪು, ಹಳದಿ ತುಂಡುಗಳು ತಂತಿಗೆ ಸುತ್ತಿಕೊಂಡವು. ಹಾರಿ ಬಂದ ಹಕ್ಕಿ ಅವನ್ನು ಕಂಡು ಬೇರೆ ಕಡೆ ಹೊರಳುವುದನ್ನು ನಾನೂ ನೋಡಿದೆ.

ಕರೆಂಟ್ ಬಿಡುವ ಮುನ್ನ ಲೈನ್‌ಮನ್ ಬಂದ.

"ಏನ್ರೀ ಅವ್ವಾರ, ತಂತಿಗೆ ಉಡಿ ತುಂಬೀರಿ?"

"ಹಕ್ಕಿಗೆ ಬರೇ ತಂತಿ ಕಾಣಂಗಿಲ್ಲ ತಮ್ಮಾ. ಇರಲಿ ಬಿಡು."

ಅವನು ನಗು ನಿಲ್ಲಿಸಿದ. "ಬಿಡಾಕ ಬರೂದಿಲ್ರೀ. ಮಳಿಗಿ ತೊಯ್ದು ಜೋತುಬಿದ್ದರ ಇದು ಮನಷ್ಯಾರನ್ನ ತಿಂತೈತಿ."

ಅಣ್ಣ ಪಂಪಿನ ಹತ್ತಿರ ನಿಂತು ಅದರ ಮೇಲಿನ ಧೂಳು ಒರೆಸುತ್ತಿದ್ದ. ಅವ್ವ ಅವನನ್ನೊಮ್ಮೆ ನೋಡಿ, ಲೈನ್‌ಮನ್‌ಗೆ "ತಗೀಪಾ" ಎಂದಳು. ಕೆಳಗೆ ಬಿದ್ದ ಚಿಂದಿಯನ್ನೆಲ್ಲ ತಾನೇ ಆರಿಸಿ, ಒಗೆದು, ಒಣಗಿಸಿ, ಮಡಚಿಟ್ಟಳು.

ನೀರು ಬಂದ ಮೇಲೆ ಹುಲ್ಲಿಗೆ ಯಾರೂ ಜಾಗ ಬಿಡುವುದಿಲ್ಲ. ಅಣ್ಣನೂ ಬಿಡಲಿಲ್ಲ, ಪಡ ಅಗೆಸಿ ನಿಂಬೆ ಸಸಿ ಹಚ್ಚಿದ. ನಾನೂ ತಗ್ಗಿಗೆ ಗೊಬ್ಬರ ಹೊತ್ತೆ. ಆ ನಿಂಬೆಯಿಂದಲೇ ನಮ್ಮ ಮನೆ ನಡೆಯಿತು, ಅದನ್ನು ಇಲ್ಲವೆನ್ನಲಾರೆ.

ಮುಂದಿನ ಮಳೆಗೆ ಹೆಣ್ಣು ಹಕ್ಕಿ ಬಂದಿತು. ನಿಂಬೆ ಸಸಿಗಳ ನಡುವೆ ಸ್ವಲ್ಪ ಹೊತ್ತು ಅತ್ತಿತ್ತ ನಡೆದಾಡಿತು. ಕೂರಲು ಮರೆಯಿಲ್ಲ, ಹುಳ ಹೆಕ್ಕಲು ಹುಲ್ಲಿಲ್ಲ. ಕೊನೆಗೆ ಓಡಿ, ಭಾರವಾಗಿ ಮೇಲೆದ್ದು, ನೇರ ತಂತಿಯ ಕಡೆಗೇ ಹಾರಿತು. ಅವ್ವ ಬುಟ್ಟಿ ಇಳಿಸಿ, ಸೆರಗು ಬಾಯಿಗೆ ಒತ್ತಿ ನಿಂತಳು.

ದಾಟಿತು.

"ಹೋತು" ಎಂದಳು ಅವ್ವ. ಬುಟ್ಟಿ ಎತ್ತಿಕೊಟ್ಟೆ. ಅದು ಮತ್ತೆ ಬರಲಿಲ್ಲ. ಅವ್ವ ಮಾತ್ರ ಬಹಳ ವರ್ಷ, ಹೊಲ ಮುಟ್ಟಿದ ಕೂಡಲೇ ಮೊದಲು ಆ ಕಡೆ ನೋಡುತ್ತಿದ್ದಳು. ಆಮೇಲೆ ನಮ್ಮನ್ನು ಕೆಲಸಕ್ಕೆ ಹಚ್ಚುತ್ತಿದ್ದಳು.