ಒಳಗೆ ಕಾಲಿಡದ ಒಳ್ಳೆಯ ಸಾಹೇಬರು

ಒಂದು ವಾರದಿಂದ ರಾತ್ರಿ ಫೋನ್ ರಿಂಗಾದರೆ ಸಾಕು, ನನ್ನ ಎದೆ ಧಸಕ್ಕೆನ್ನುತ್ತದೆ. ಕಾರಣ ಒಂದು ತುಂಡು ಮೈಸೂರು ಪಾಕ್.

ಹೋದ ಭಾನುವಾರ ಡೊಂಬಿವಲಿಯಿಂದ ನವಿ ಮುಂಬಯಿಯ ಕೋಪರಖೈರಣೆಗೆ, ಅಕ್ಕನ ಗಂಡನ ಹೋಟೆಲಿಗೆ ಹೋಗಿದ್ದೆ. ಕಾಫಿಗಿಂತ ಮೊದಲು ಸಿಹಿ ಬಂತು. (ನಮ್ಮ ಭಾವ ಎರಡನೇ ಸಲ ಚಟ್ನಿ ಕೊಡುವುದಕ್ಕೂ ಯೋಚಿಸುವವರು.) ವಿಷಯ ಏನೆಂದರೆ, ಹೋಟೆಲಿಗೆ ಫೈರ್ ಸೇಫ್ಟಿ ಸರ್ಟಿಫಿಕೇಟ್ ಸಿಕ್ಕಿತ್ತು. ಆಗಲೇ ಫ್ರೇಮ್ ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದ್ದರು.

"ಇನ್‌ಸ್ಪೆಕ್ಷನ್ ಹೇಗಾಯಿತು ಭಾವ?"

"ಸಾಹೇಬ್ರು ಭಾರೀ ಒಳ್ಳೆಯವ್ರು ಮಾರಾಯ, ಒಳಗೆ ಕಾಲೇ ಇಡ್ಲಿಲ್ಲ! ಇಲ್ಲೇ ಕೂತು ಕಾಫಿ ಕುಡಿದ್ರು, ಶೀರಾ ತಿಂದ್ರು, ಕೊಟ್ಟದ್ದು ತಕೊಂಡ್ರು, ಸಹಿ ಹಾಕಿದ್ರು. ಮುಗೀತು."

ನಾನು ಒಳಗೆ ಕಾಲಿಟ್ಟೆ. ಹಿಂದಿನ ಬಾಗಿಲಿಗೆ ಅಡ್ಡವಾಗಿ ಅಕ್ಕಿ, ಈರುಳ್ಳಿ ಮೂಟೆಗಳು. ಒಲೆಯ ಪಕ್ಕದಲ್ಲೇ ಕಬ್ಬಿಣದ ಏಣಿ. ಮೇಲೆ ಅಟ್ಟ. ಕೆಲಸದವರು ರಾತ್ರಿ ಮಲಗುವುದು ಅಲ್ಲಿ. ಇಳಿಯಲು ಬೇರೆ ದಾರಿಯಿಲ್ಲ. ಕೆಳಗೆ ಬೆಂಕಿ ಹತ್ತಿದರೆ?

"ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿ?"

"ಉಂಟು, ಹೊಸತು. ಇಲ್ಲಿಟ್ರೆ ಎಣ್ಣೆ ಜಿಡ್ಡು ಹಿಡೀತದೆ ಅಂತ ಮನೆ ಕಪಾಟಿನಲ್ಲಿ ಇಟ್ಟಿದ್ದೇನೆ."

ಸೋಫಾದ ಪ್ಲಾಸ್ಟಿಕ್ ಕವರನ್ನೂ ತೆಗೆಯದ ಜನ ನಾವು, ಗೊತ್ತು. ಆದರೆ ಇದು? ನನಗೆ ರೇಗಿತು. ಭಾವನಿಗೂ ರೇಗಿತು.

"ಹೋದ ಸಲ ಎಲ್ಲ ಸರಿ ಮಾಡಿಸಿದ್ದೆ. ಆಗ್ಲೂ ಕೊಡ್ಬೇಕಾಯ್ತು. ಸರಿ ಮಾಡಿದ್ರೂ ಕೊಡ್ಬೇಕು, ಮಾಡದಿದ್ರೂ ಕೊಡ್ಬೇಕು. ಮತ್ತೆ ಯಾಕೆ ಮಾಡ್ಬೇಕು, ನೀನೇ ಹೇಳು?"

ಲಂಚವೆಂದರೆ ಫೈಲು ಬೇಗ ಸರಿಯಲಿ ಎಂದು ಕೊಡುವುದು ಅಂದುಕೊಂಡಿದ್ದೆ. ನೋಡಬೇಕಾದವರು ನೋಡದಿರಲಿ ಎಂದೂ ಕೊಡುತ್ತಾರೆ! ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ತಮ್ಮ ತಮ್ಮ ಫ್ಲಾಟಿನಲ್ಲಿ ಮಲಗುತ್ತಾರೆ. ಅಟ್ಟದಲ್ಲಿ ಮಲಗುವವರು ಬೇರೆ. ನವಿ ಮುಂಬಯಿ ಎಷ್ಟು ಬೆಳೆಯಿತು ನೋಡಿ ಎಂದು ಊರಿನಿಂದ ಬಂದವರಿಗೆಲ್ಲ ಟವರ್ ತೋರಿಸುತ್ತೇವೆ. ಇಷ್ಟೆಲ್ಲ ಬೆಳೆದ ಊರಿನಲ್ಲಿ ಅಟ್ಟದವರ ಪಾಲಿಗೆ ಒಂದು ಹಿಂಬಾಗಿಲಾದರೂ ತೆರೆದಿರಬೇಡವೇ?

ಕೊನೆಗೆ ನಾನೇ ಮೂಟೆ ಎಳೆಯತೊಡಗಿದೆ. ದೋಸೆ ಹೊಯ್ಯುವ ರಾಯಚೂರಿನ ಮಲ್ಲಪ್ಪ ಬಂದು ಕೈಹಚ್ಚಿದ. ಎರಡು ಮೂಟೆ ಸರಿಸುವಷ್ಟರಲ್ಲಿ ಭಾವ "ಈಗ ಗಿರಾಕಿ ಟೈಮು, ನಾಳೆ ನೋಡುವ" ಎಂದು ತಡೆದರು. ಆ ನಾಳೆ ಇನ್ನೂ ಬಂದಿಲ್ಲ.

ಮಲ್ಲಪ್ಪ ನನಗೇ ಧೈರ್ಯ ಹೇಳಿದ. "ಚಿಂತಿ ಮಾಡಬ್ಯಾಡ್ರಿ ಸರ. ಇಷ್ಟ ದಿನ ಅಂಜಿ ಹೊರಗ ಶಟರ್ ಮುಂದ ಮಕ್ಕೋತಿದ್ದೆ. ಈಗ ಪಾಸ್ ಆಗೇತಲ್ರಿ, ಇವತ್ತಿಂದ ನಾನೂ ಮ್ಯಾಲ ಮಕ್ಕೋತೀನಿ."

"ಬೇಡ ಮಾರಾಯ, ಹೊರಗೇ ಮಲಗು" ಎಂದೆ.

"ಯಾಕ್ರಿ? ಸರಕಾರದ ಸಹಿ ಐತಲ್ರಿ?"

ಇಡೀ ಹೋಟೆಲಿನಲ್ಲಿ ಆ ಸಹಿಯನ್ನು ನಂಬಿದವನು ಅವನೊಬ್ಬನೇ.