ಶಬಾನಾ ಸಿಸ್ಟರ್ ಬೆಳಿಗ್ಗೆ ಫೋನ್ ಮಾಡುತ್ತಾರೆ

ಬೆಳಗಿನ ಆರೂವರೆ. ಚಳ್ಳಕೆರೆಯ ಆಸ್ಪತ್ರೆಯೊಂದರ ಕೀಮೋ ಕೋಣೆಯಲ್ಲಿ ನರ್ಸ್ ಶಬಾನಾ ಆಗಲೇ ಮನೆಯಲ್ಲಿರುವ ಮೂರನೇ ರೋಗಿಗೆ ಫೋನ್ ಮಾಡುತ್ತಿದ್ದಾರೆ. "ಜಯಕ್ಕಾ, ಜ್ವರ ಐತಾ? ನೀರು ಕುಡಿದ್ರಾ? ಸುಳ್ಳು ಹೇಳ್ಬ್ಯಾಡ್ರಿ!" ಆ ಕಡೆಯಿಂದ ನಗು. ಮೊಳಕಾಲ್ಮುರು ಕಡೆಯವರು ಸಿಕ್ಕರೆ ಮಾತು ತೆಲುಗಿಗೆ ತಿರುಗುತ್ತದೆ.

ನಲವತ್ತೊಂದರ ಶಬಾನಾ ಟ್ರ್ಯಾಕ್ಟರ್ ಮೆಕ್ಯಾನಿಕ್ ಬುಡೇನ್ ಸಾಬರ ಮಗಳು. ಬೆಂಗಳೂರಿನ ಕ್ಯಾನ್ಸರ್ ತಜ್ಞರು ಬರೆದುಕೊಟ್ಟ ಕೀಮೋ ಔಷಧಿಯನ್ನು ಇಲ್ಲಿ ಹನಿಹನಿಯಾಗಿ ನರಕ್ಕೆ ಇಳಿಸುತ್ತಾರೆ. ಐದು ಕುರ್ಚಿ, ದಿನಕ್ಕೆ ಎಂಟು-ಹತ್ತು ಮಂದಿ. ಕೆಲವು ಔಷಧಿ ನರದಿಂದಾಚೆ ಸೋರಿದರೆ ಸುತ್ತಲ ಮಾಂಸವೇ ಬೆಂದಂತಾಗುತ್ತದೆ. "ಮೊದಮೊದಲು ಸೂಜಿ ಹಾಕೋಕೆ ಅವಸರ ಮಾಡ್ತಿದ್ದೆ. ಅವಸರ ಮಾಡಿದ್ರೆ ನಟ್ಟೂ ಕೂರಲ್ಲ ಬೇಟಿ ಅಂದ್ರು ನಮ್ಮ ಅಬ್ಬಾ" ಎಂದು ನಗುತ್ತಾರೆ.

ದೊಡ್ಡಉಳ್ಳಾರ್ತಿಯ ತೇಜಶ್ರೀ ಈ ಕೋಣೆಗೆ ಬಂದಾಗ ಹದಿನಾರು ವರ್ಷ. ಮೊಣಕಾಲಿನ ಮೇಲೆ ಊತ. ಪರೀಕ್ಷೆಯಲ್ಲಿ ಸಿಕ್ಕಿದ್ದು ಯೂಯಿಂಗ್ ಸಾರ್ಕೋಮಾ ಎಂಬ ಅಪರೂಪದ ಮೂಳೆ ಕ್ಯಾನ್ಸರ್. ಎರಡು ಜೀನುಗಳು, ಅಂದರೆ ವಂಶವಾಹಿಗಳು, ತುಂಡಾಗಿ ತಪ್ಪಾಗಿ ಬೆಸೆದುಕೊಂಡಾಗ ಬರುವಂಥದ್ದು. ಜೀನು ಎಂದ ಕೂಡಲೇ ತಾಯಿ ನಿಂಗಕ್ಕ ಶಬಾನಾರ ಕೈ ಹಿಡಿದು ಕೇಳಿದರು. "ನನ್ನಿಂದ ಬಂತೇನವ್ವಾ ಇದು?"

"ಇಲ್ಲಕ್ಕ, ವಂಶದಿಂದ ಬಂದಿದ್ದಲ್ಲ. ಅವಳ ಮೂಳೇಲಿ ತಾನಾಗೇ ಆಗಿದ್ದು. ನಿಮ್ಮ ತಪ್ಪೇನೂ ಇಲ್ಲ." ನಿಂಗಕ್ಕ ನಂಬುವವರೆಗೂ ಶಬಾನಾ ಪ್ರತಿ ಸಲ ಇದನ್ನೇ ಹೇಳಿದರು.

ಐದನೇ ಕೀಮೋ ಆಗಿ ಒಂಬತ್ತನೇ ದಿನ. ಬೆಳಗಿನ ಫೋನಿಗೆ ನಿಂಗಕ್ಕ, "ಸ್ವಲ್ಪ ಮೈ ಬಿಸಿ ಐತೆ, ಮಾತ್ರೆ ಕೊಟ್ಟೀನಿ, ಸಂಜೆಗೆ ನೋಡಾಣ" ಅಂದರು. ಶಬಾನಾ ದನಿ ಏರಿತು: "ಸಂಜೆ ಗಿಂಜೆ ಬ್ಯಾಡ, ಈಗ್ಲೇ ಹೊರಡ್ರಿ!" ತಾವೇ ಅಣ್ಣ ಮುಬಾರಕನ ಕಾರು ಕಳಿಸಿದರು. ಕೀಮೋದಿಂದಾಗಿ ಹುಡುಗಿಯ ದೇಹದಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣ ಪೂರ್ತಿ ಕುಸಿದಿತ್ತು. ಸಂಜೆವರೆಗೆ ಕಾದಿದ್ದರೆ ಸೋಂಕು ರಕ್ತಕ್ಕೇ ಏರುತ್ತಿತ್ತೆಂದರು ವೈದ್ಯರು. ಆ್ಯಂಟಿಬಯೋಟಿಕ್ ಶುರುವಾಗಿ ನಾಲ್ಕನೇ ದಿನ ತೇಜಶ್ರೀ ಎದ್ದು ಕೂತು ಮೆಣಸಿನಕಾಯಿ ಬಜ್ಜಿ ಕೇಳಿದಳು. "ಬೈದೆ. ಆಮೇಲೆ ಹೊರಗೆ ಹೋಗಿ ಖುಷಿಗೆ ಅತ್ತುಬಿಟ್ಟೆ" ಎನ್ನುತ್ತಾರೆ ಶಬಾನಾ.

ನಡುವೆ ಕಾಲಿನ ಶಸ್ತ್ರಚಿಕಿತ್ಸೆ, ಒಟ್ಟು ಹದಿನಾಲ್ಕು ಕೀಮೋ. ಎಲ್ಲ ಮುಗಿದು ಎರಡು ವರ್ಷ. ಈಚಿನ ಪರೀಕ್ಷೆಗಳಲ್ಲಿ ಕಾಯಿಲೆಯ ಸುಳಿವಿಲ್ಲ. ತೇಜಶ್ರೀ ಈಗ ಪದವಿ ಕಾಲೇಜಿಗೆ ಹೋಗುತ್ತಾಳೆ.

"ಮೊನ್ನೆ ಸಂತೇಲಿ ಎದುರಿಗೇ ಬಂದ್ಳು. ಕೂದಲು ಮತ್ತೆ ಬೆಳೆದು ಜಡೆ ಹಾಕ್ಯಾಳೆ. ಕೆಲಸದಾಗೆ ನಂಗೆ ಯಾವಾಗ್ಲೂ ಮಾಸ್ಕ್, ಟೋಪಿ. ಹಂಗಾಗಿ ಗುರ್ತೇ ಸಿಗಲಿಲ್ಲ ಅವಳಿಗೆ. ಗೆಳತೇರ ಜೊತೆ ನಗ್ತಾ ಹೋಗೇಬಿಟ್ಳು."

ನೀವೂ ಕರೆಯಲಿಲ್ಲವೇ ಎಂದು ಕೇಳಿದೆ.

"ಯಾಕೆ ಕರೀಲಿ? ಆ ಕೀಮೋ ಕುರ್ಚಿ ನೆನಪಾಗೋದು ಬ್ಯಾಡ. ನಿಂತ್ಕಂಡು ನೋಡಿದೆ, ಸಾಕಾತು."