ಗುಡಿ ಮುಂದೆ ಬಿಟ್ಟ ಬೂಟು

ನಾನು ಹೇಳಿದ ಒಂದು ಸುಳ್ಳಿಗೆ ಮೂವತ್ತೆಂಟು ಕುಳ್ಳರು ಪ್ರಾಣ ಬಿಟ್ಟರು.

(ಪೊಲೀಸರಿಗೆ ಫೋನ್ ಮಾಡಬೇಡಿ. ಸತ್ತದ್ದು ವಿಡಿಯೊ ಗೇಮಿನಲ್ಲಿ.)

ಆದರೂ ಸುಳ್ಳು ಸುಳ್ಳೇ ಅಲ್ಲವೇ? ಎಪ್ಪತ್ತೆರಡನೇ ವಯಸ್ಸಿಗೂ ಒಪ್ಪಿಕೊಳ್ಳದಿದ್ದರೆ ಇನ್ನು ಯಾವಾಗ? ಹಾಗಾಗಿ ಈ ವಾರದ ಅಂಕಣದಲ್ಲಿ ನಮ್ಮ ಬಡಾವಣೆಯ ನಲ್ಲಿ ನೀರಿನ ವಿಚಾರ ಬಿಟ್ಟು, ನನ್ನ ವಿಚಾರ ಬರೆಯುತ್ತಿದ್ದೇನೆ.

ನನ್ನ ಮಗಳನ್ನು ಹರಿಹರಕ್ಕೆ ಕೊಟ್ಟಿದ್ದೇವೆ. ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ ಸರ್ವಮಂಗಳಮ್ಮನವರು, ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು. ಮೊಮ್ಮಗಳು ಸಿಂಚನಾ ಕಳೆದ ವರ್ಷ ನಮ್ಮಿಬ್ಬರ ಟ್ಯಾಬ್‌ಗೂ ಒಂದು ಆಟ ಹಾಕಿಕೊಟ್ಟಳು. ಅವರು ಹರಿಹರದಲ್ಲಿ, ನಾನು ದಾವಣಗೆರೆಯಲ್ಲಿ. ಆಟದೊಳಗೆ ಮಾತ್ರ ಇಬ್ಬರೂ ಜೊತೆಗೆ, ಮಾತೂ ಅದರಲ್ಲೇ ಕೇಳಿಸುತ್ತದೆ. ಬೀಗಿತ್ತಿಯ ಪೂಜೆ ಮುಗಿದ ಮೇಲೆ, ದಿನಾ ಹನ್ನೊಂದು ಗಂಟೆಗೆ ಶುರು.

ಆಟ ಇಷ್ಟೇ. ಒಂದು ಹಾಳು ಕೋಟೆ. ಅದರ ಕೆಳಗೆ ನೆಲಮಾಳಿಗೆ, ಅದರ ಕೆಳಗೆ ಇನ್ನೊಂದು, ಹೀಗೆ ಇಳಿಯುತ್ತಾ ಹೋಗಬೇಕು. ಅಡ್ಡ ಬಂದ ಭೂತ, ದೊಡ್ಡ ಹಲ್ಲಿ, ಹಸಿರು ಮುಖದ ಕುಳ್ಳ ಎಲ್ಲವನ್ನೂ ಬಡಿಯಬೇಕು. ಸಿಕ್ಕಿದ್ದನ್ನು ಚೀಲಕ್ಕೆ ತುಂಬಬೇಕು. ಬೀಗಿತ್ತಿ ಮಂತ್ರಗಾತಿ, ನಾನು ಕತ್ತಿವೀರ. (ಮೂವತ್ತು ವರ್ಷ ಮಿಲ್ಲಿನಲ್ಲಿ ನೂಲು ಸುತ್ತಿದ ಕೈಗೆ ಕತ್ತಿ!)

ಈ ಆಟದ ಮೊದಲ ಭಾಗ ಮೊದಲ ದೋಸೆಯ ಹಾಗಿತ್ತು. ಪೂರ್ತಿ ಕಾವಲಿಗೇ ಅಂಟಿದ್ದು. ನಕ್ಷೆ ಇಲ್ಲ, ಬಂದ ದಾರಿಯಲ್ಲೇ ನಾಲ್ಕು ಸಲ ಸುತ್ತಬೇಕು. ಚೀಲಕ್ಕೆ ಎಂಟೇ ಸಾಮಾನು. ಎದುರಿಗೆ ಯಾರು ಬಂದರೂ ಎರಡೇ ಗುಂಡಿ: ಹೊಡೆ, ಇಲ್ಲವೇ ಓಡು.

ಹೀಗಿರುವಾಗ ಬೀಗಿತ್ತಿ ನನಗೊಂದು ಉಡುಗೊರೆ ಕೊಟ್ಟರು. ಏಳು ದೊಡ್ಡ ಹಲ್ಲಿಗಳನ್ನು ಬಡಿದು, ಅವುಗಳ ಚರ್ಮದಲ್ಲಿ ಮಾಡಿಸಿದ ಬೂಟು. ಬೆಂಕಿ ತಾಗದ ಬೂಟು. ಬೀಗರ ಕಡೆಯ ಉಡುಗೊರೆ ಎಂದರೆ ಎಷ್ಟು ಜೋಪಾನ ಮಾಡಬೇಕು ಎಂದು ನಿಮಗೆ ಬೇರೆ ಹೇಳಬೇಕೇ?

ಏಳನೇ ಮಾಳಿಗೆಯಲ್ಲಿ ಒಂದು ಕಲ್ಲಿನ ಗುಡಿ ಬಂತು. ಮೆಟ್ಟಿಲು, ಕಂಬ, ತೂಗುಬಿಟ್ಟ ಗಂಟೆ. ಬೀಗಿತ್ತಿ ತಮ್ಮ ಬೂಟುಗಾಲಲ್ಲೇ ಸೀದಾ ಒಳಗೆ ಹೋದರು. ನಾನು? ಬೆರಳು ತಾನಾಗಿಯೇ ಕೆಲಸ ಮಾಡಿತು. ಬೂಟು ಬಿಚ್ಚಿ, ಮೆಟ್ಟಿಲ ಪಕ್ಕದಲ್ಲಿ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಹೋದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಒಳಗೆ ನೆಲವೆಲ್ಲ ನಿಗಿನಿಗಿ ಕೆಂಡ.

ಬೀಗಿತ್ತಿ ತಮ್ಮಲ್ಲಿದ್ದ ಮೂರು ಸೀಸೆ ಔಷಧಿಯನ್ನೂ ನನ್ನ ಮೇಲೆ ಸುರಿದು ಬದುಕಿಸಿದರು. ಹೊರಗೆ ಬಂದರೆ ಬೂಟು ಮಾಯ. ಮೊದಲ ಭಾಗದ ದರಿದ್ರ ನಿಯಮವೇ ಹಾಗೆ. ನೆಲದ ಮೇಲೆ ಇಟ್ಟ ಸಾಮಾನು, ನೀವು ಬಾಗಿಲು ದಾಟಿದ ಕೂಡಲೇ ಅಳಿಸಿ ಹೋಗುತ್ತದೆ.

ಬೂಟೆಲ್ಲಿ ಎಂದು ಬೀಗಿತ್ತಿ ಕೇಳಿದರು. ನಮ್ಮ ಮನೆಯಲ್ಲಿ ಕನ್ನಡಕ ಕಳೆಯಲಿ, ಬೀಗದ ಕೈ ಕಳೆಯಲಿ, ‘ನೀನೇ ಎಲ್ಲೋ ಇಟ್ಟಿದ್ದೀಯ’ ಎಂದು ಹೆಂಡತಿಯ ಮೇಲೆ ಹಾಕುವುದು ನನ್ನ ಹಳೆಯ ಚಾಳಿ. ಏಳನೇ ಮಾಳಿಗೆಯಲ್ಲಿ ಅವಳಿರಲಿಲ್ಲ. ಹತ್ತಿರದಲ್ಲಿ ಒಬ್ಬ ಕುಳ್ಳ ಇದ್ದ. ಅವನ ಮೇಲೆ ಹಾಕಿದೆ.

“ನಮ್ಮ ಬೀಗರ ಬೂಟಿಗೆ ಕೈ ಹಚ್ಚಾಕ ಎಷ್ಟು ಧೈರ್ಯ ಇವಕ್ಕೆ?” ಎಂದರು ಬೀಗಿತ್ತಿ.

ಆಮೇಲೆ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಒಂದು ತಿಂಗಳು ಅವರು ಖಜಾನೆ ಹುಡುಕಲಿಲ್ಲ, ಕೆಳಗೆ ಇಳಿಯಲಿಲ್ಲ. ಸಿಕ್ಕ ಸಿಕ್ಕ ಕುಳ್ಳನ ಜೋಳಿಗೆ ತಪಾಸಣೆ ಮಾಡಿದರು. ಟೀಚರ್ ಅಲ್ಲವೇ, ಹಾಜರಿ ಪುಸ್ತಕದ ಹಾಗೆ ಗೀಟು ಹಾಕಿ ಲೆಕ್ಕ ಇಟ್ಟರು. ಮೂವತ್ತೆಂಟು. ನಾನು ಪಕ್ಕದಲ್ಲಿ ಕತ್ತಿ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಈಗ ಎರಡನೇ ಭಾಗ ಬಂದಿದೆ. ನಮ್ಮ ಟ್ಯಾಬ್‌ಗಳಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಹೋದ ಭಾನುವಾರ ನಾನು, ಮನೆಯಾಕೆ ಬಸ್ಸು ಹತ್ತಿ ಹರಿಹರಕ್ಕೆ ಹೋದೆವು. ದೊಡ್ಡ ಟಿವಿ, ಇಬ್ಬರಿಗೂ ಒಂದೊಂದು ಜಾಯ್‌ಸ್ಟಿಕ್, ನಡುವೆ ಮಂಡಕ್ಕಿ ಮಿರ್ಚಿ.

ಎರಡನೇ ದೋಸೆ ನೋಡಿ, ಗರಿಗರಿ. ಮೂಲೆಯಲ್ಲಿ ನಕ್ಷೆ ಇದೆ. ಚೀಲ ತಾನೇ ಸಾಮಾನು ವಿಂಗಡಿಸುತ್ತದೆ. ಬಿಟ್ಟು ಬಂದ ವಸ್ತು ನಾವು ತಂಗುವ ಡೇರೆಯ ಪೆಟ್ಟಿಗೆಗೆ ಬಂದು ಬೀಳುತ್ತದೆ. (ಒಂದು ವರ್ಷ ಮೊದಲೇ ಈ ಬುದ್ಧಿ ಬರಬಾರದಿತ್ತೇ?) ಎಲ್ಲಕ್ಕಿಂತ ದೊಡ್ಡ ಸುಧಾರಣೆ, ಹಳೆಯ ಆಟದ ವೀರರನ್ನೇ ಇಲ್ಲಿಗೂ ಕರೆತರಬಹುದು. ಬಾಗಿಲಲ್ಲೇ ಒಬ್ಬ ಗಡ್ಡದ ಮುದುಕ ಕುಳಿತು, ನೀವು ಹಿಂದೆ ಮಾಡಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಓದಿ ಹೇಳುತ್ತಾನೆ.

ಸಿಂಚನಾ ಉತ್ಸಾಹದಿಂದ ಕನ್ನಡ ಮಾಡಿ ಹೇಳುತ್ತಿದ್ದಳು. ಏಳನೇ ಮಾಳಿಗೆಗೆ ಬಂದಾಗ ನಿಂತಳು.

“ಅಜ್ಜ, ಗುಡಿ ಮೆಟ್ಲ ಮೇಲೆ ಬೂಟು ಬಿಚ್ಚಿಟ್ಟಿದ್ದು ನೀನೇ ಅಂತ ಐತೆ.”

ಬೀಗಿತ್ತಿ ನನ್ನನ್ನು ನೋಡಿದರು. ಜಾಯ್‌ಸ್ಟಿಕ್ ಕೆಳಗಿಟ್ಟರು. ಮಿರ್ಚಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಬೀಗರ ಮನೆಯಲ್ಲಿ ಮುಂದಿದ್ದ ತಟ್ಟೆ ವಾಪಸ್ಸು ಹೋಗುವುದನ್ನು ಈ ಜನ್ಮದಲ್ಲಿ ನೋಡಿರಲಿಲ್ಲ. ಇನ್ನು ನನ್ನ ಜೊತೆ ಆಡುತ್ತಾರೆಯೇ? ಹನ್ನೊಂದು ಗಂಟೆಗೆ ಇನ್ನು ಮೇಲೆ ನಾನು ಏನು ಮಾಡಲಿ?

ಹೊರಗೆ ಬಂದವರು ನಿಂತೇ ಮಾತಾಡಿದರು. “ಬೂಟು ಹೋದ್ರ ಹೋಗ್ಲಿ ಬೀಗ್ರೆ. ಗುಡಿಯೊಳಗ ಬೂಟು ಹಾಕ್ಕೊಂಡು ಹೋದೋಳು ನಾನು, ನಂದೂ ತಪ್ಪೈತೆ. ಆದ್ರ ಮೂವತ್ತೆಂಟು ಜೀವ. ಅದ್ರಾಗ ಒಂದು ಮುದಿ ಕುಳ್ಳ ಕೈ ಮುಗಿದಿತ್ತು. ಅವರ ಮಂದಿ ಹತ್ರ ನೀವು ತಪ್ಪಾತು ಅನ್ನೋ ತನಕ ನಾನು ನಿಮ್ಮ ಜೊತಿ ಒಂದು ಮೆಟ್ಲೂ ಇಳಿಯಲ್ಲ.”

ಎರಡನೇ ಭಾಗದಲ್ಲಿ ಅದಕ್ಕೂ ವ್ಯವಸ್ಥೆ ಇದೆ. ಹೊಡೆ, ಓಡುಗಳ ಜೊತೆಗೆ ಮೂರನೇ ಗುಂಡಿ ಬಂದಿದೆ: ಮಾತಾಡು. ಕೋಟೆಯ ಹೊರಗೆ ಕುಳ್ಳರ ಹಟ್ಟಿ. ನಮ್ಮನ್ನು ಕಂಡು ಎಲ್ಲ ಬಾಗಿಲು ಮುಚ್ಚಿದವು. ನಾನು ಒಂದೊಂದೇ ಬಾಗಿಲು ತಟ್ಟಿ, ಮೂರನೇ ಗುಂಡಿ ಒತ್ತಿ, “ತಪ್ಪಾಯಿತು” ಅಂದೆ. ಗುಂಡಿ ಒತ್ತಿದರೆ ಸಾಕಿತ್ತು, ಆದರೆ ಬೀಗಿತ್ತಿ ಬಾಯಲ್ಲೂ ಹೇಳಿಸಿದರು. ಮೊದಲ ಕುಳ್ಳ ಉಗಿದ. ಎರಡನೆಯವನು ಬಕೆಟ್ ನೀರು ಎರಚಿದ. ಹತ್ತನೆಯ ಮನೆಯ ಕುಳ್ಳಿ ಅತ್ತಳು, ಅವಳಿಗೆ ಎರಡು ಸಲ ಹೇಳಿದೆ. ಬೀಗಿತ್ತಿ ಪಕ್ಕದಲ್ಲಿ ಕುಳಿತು ಹಳೆಯ ಗೀಟುಗಳನ್ನು ಒಂದೊಂದಾಗಿ ಅಳಿಸುತ್ತಿದ್ದರು.

ಮೂವತ್ತೆಂಟನೇ ಗೀಟು ಅಳಿಸಿದ ಮೇಲೆ ಎದ್ದು ಹೋಗಿ, ಮಿರ್ಚಿ ತಟ್ಟೆ ತಂದು ನನ್ನ ಮುಂದಿಟ್ಟರು. ಆರಿತ್ತು. ಆದರೂ ಅಷ್ಟು ರುಚಿಯಾದ ಮಿರ್ಚಿ ನಾನು ತಿಂದಿಲ್ಲ.

ಮನೆಯಾಕೆ ಅಲ್ಲೇ ಸೋಫಾದ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಲೆ ಎತ್ತದೆ ಒಂದೇ ಮಾತು ಕೇಳಿದಳು.

“ನಲವತ್ತಾರು ವರ್ಷದಾಗ ನನ್ನ ಹತ್ರ ಆ ಮೂರನೇ ಗುಂಡಿ ಒಂದ್ಸಲನಾರ ಒತ್ತೀರೇನ್ರಿ?”